ಅರ್ಧ ವಾಕ್ಯ

ಲಾಂಡ್ರಿ ಯಜಮಾನನ ಹೆಂಡತಿ ಮನೆ ಬಿಟ್ಟು ಹೋದಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಹೇಳುವಂಥದ್ದು ಏನೂ ನಡೆದಿರಲಿಲ್ಲ. ಅವಳ ತಂದೆಗೆ ಕಣ್ಣಿನ ಪೊರೆ ತೆಗೆದಿದ್ದರು. ದಿನಕ್ಕೆ ನಾಲ್ಕು ಸಲ ಹನಿ ಬಿಡಲು, ಎರಡು ಹೊತ್ತು ಬೇಯಿಸಿ ಹಾಕಲು ಒಬ್ಬರು ಬೇಕಿತ್ತು. ಒಂದು ವಾರದ ಮಟ್ಟಿಗೆ ಎಂದು ಹೇಳಿ, ಇನ್ನೂ ಶಾಲೆಗೆ ಸೇರದ ಚಿಕ್ಕ ಮಗಳ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ವಾರ ಎರಡಾಯಿತು, ಮೂರಾಯಿತು. ಕಣ್ಣು ವಾಸಿಯಾಯಿತು. ಅವಳು ಬರಲಿಲ್ಲ.

ಕೆಳಗೆ ಲಾಂಡ್ರಿ, ಮೇಲೆ ಮನೆ. ಒಂದು ಆಸ್ಪತ್ರೆ, ಮೂರು ಹೋಟೆಲ್ಲು, ಒಂದು ಹಾಸ್ಟೆಲ್ಲಿನ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಹದಿನಾಲ್ಕು ಜನ ಕೆಲಸಕ್ಕಿದ್ದರು. ಬಾಯ್ಲರಿಗೆ ಎಷ್ಟು ಹೊತ್ತಿಗೆ ಉರಿ ಹಾಕಬೇಕು, ರಕ್ತದ ಕಲೆಗೆ ಯಾವ ಪುಡಿ, ದಿಂಬಿನ ಚೀಲಕ್ಕೆ ಎಷ್ಟು ಗಂಜಿ, ವ್ಯಾನು ಮೊದಲು ಎತ್ತ ಹೋಗಬೇಕು, ಇದನ್ನೆಲ್ಲ ಹದಿನಾಲ್ಕು ಜನವೂ ಯಜಮಾನನನ್ನೇ ಕೇಳಬೇಕು. ಕೇಳದೆ ಮಾಡಿದರೆ ಅವನಿಗೆ ಆಗುತ್ತಿರಲಿಲ್ಲ. ಅವನು ಕೆಟ್ಟವನಲ್ಲ, ಕುಡಿಯುವವನಲ್ಲ, ಯಾರ ಸಂಬಳವನ್ನೂ ಒಂದು ದಿನ ತಡ ಮಾಡಿದವನಲ್ಲ. ಆದರೆ ತಾನು ನೋಡದೆ ಒಂದು ಟವೆಲ್ಲೂ ಹೊರಗೆ ಹೋಗಬಾರದು ಎಂಬುದು ಅವನ ಛಲ. ಅದಕ್ಕೇ ಅವನು ಊಟಕ್ಕೆ ಕೂತರೆ ಸಾಕು, ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿಸುತ್ತಿತ್ತು.

ಹೆಂಡತಿ ಬಹಳ ದಿನ ಯೋಚಿಸಿ ಒಂದೇ ಒಂದು ಮಾತು ಕೇಳಿದ್ದಳು. ವಾರದಲ್ಲಿ ಒಂದು ದಿನ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ, ಆ ಹೊತ್ತು ಏಳಬೇಡಿ ಎಂದಿದ್ದಳು. ಅವನು ಆಗಲಿ ಎಂದ. ಭಾನುವಾರ ಚರ್ಚ್‌ನಿಂದ ಬಂದು ಎಲ್ಲರೂ ಕೂತರು. ಅವಳು ಮೀನು ಹುರಿದಿದ್ದಳು. ಎರಡನೇ ತುತ್ತಿಗೆ ಬಾಯ್ಲರ್ ನೋಡಿಕೊಳ್ಳುವವನು ಬಂದು, ಹಬೆಯ ಕೊಳವೆ ಸೋರುತ್ತಿದೆ ಎಂದ. ಯಜಮಾನ ಎದ್ದ. ಎರಡು ಗಂಟೆ ಬಿಟ್ಟು ಬಂದಾಗ ತಟ್ಟೆಗಳನ್ನೆಲ್ಲ ತೊಳೆದಾಗಿತ್ತು. ಅವಳು ಜಗಳವಾಡಲಿಲ್ಲ. ಅವನ ಪಾಲಿನದನ್ನು ಮುಚ್ಚಿಟ್ಟ ಜಾಗ ತೋರಿಸಿ ಬಟ್ಟೆ ಒಣಹಾಕಲು ಹೋದಳು. ಮಂಗಳವಾರ ತಂದೆಯ ಕಣ್ಣಿನ ಸುದ್ದಿ ಬಂತು.

ಮನೆಯಲ್ಲಿ ಉಳಿದವರು ಮೂರು ಜನ. ಯಜಮಾನ, ಅವನ ತಾಯಿ ಮತ್ತು ಹದಿನೈದರ ದೊಡ್ಡ ಮಗಳು. ಅಜ್ಜಿಯ ಬೆರಳುಗಳು ವರ್ಷಗಟ್ಟಲೆ ಸೋಪಿನ ನೀರಲ್ಲಿ ನೆಂದು ಸೊಟ್ಟಗಾಗಿದ್ದವು. ಬೇಯಿಸುವುದೇನೋ ಬೇಯಿಸುತ್ತಿದ್ದಳು, ಪಾತ್ರೆ ಎತ್ತಿ ಇಳಿಸಲಾಗುತ್ತಿರಲಿಲ್ಲ. ಇಳಿಸುವ ಕೆಲಸ ಮೊಮ್ಮಗಳದು. ಅವಳು ಪುಸ್ತಕದಲ್ಲಿ ಮುಳುಗಿದರೆ ಅನ್ನ ತಳ ಹತ್ತುತ್ತಿತ್ತು.

“ನಿನ್ನಷ್ಟಿದ್ದಾಗ ನಾನು ಆರು ಮನೆ ಬಟ್ಟೆ ಒಗೀತಿದ್ದೆ,” ಎನ್ನುತ್ತಿದ್ದಳು ಅಜ್ಜಿ.

“ನನ್ನಷ್ಟಿದ್ದಾಗ ನೀನು ಗಣಿತದ ಪರೀಕ್ಷೆ ಬರೀತಿರ್ಲಿಲ್ಲ,” ಎನ್ನುತ್ತಿದ್ದಳು ಮೊಮ್ಮಗಳು.

ಅಜ್ಜಿ ಹೇಳುತ್ತಿದ್ದುದು ಸುಳ್ಳಲ್ಲ. ಮುಂದೆ ಗಂಡ ಸತ್ತಾಗಲೂ ಅವಳ ಕೈಯಲ್ಲಿದ್ದುದು ಒಂದು ಒಗೆಯುವ ಕಲ್ಲು ಮತ್ತು ಒಂಬತ್ತು ವರ್ಷದ ಮಗ. ಬೆಳಗಾಗುವ ಮೊದಲೇ ಮಗನನ್ನು ಎಬ್ಬಿಸಿ ಬೈಬಲ್ ಓದಿಸುತ್ತಿದ್ದಳು. ದಿನ ಬಿಟ್ಟು ದಿನ ಓದಿಸುತ್ತಿದ್ದುದು ಒಂದೇ ವಾಕ್ಯ, ಇರುವೆಯದು. ಸೋಮಾರಿ ಇರುವೆಯ ಹತ್ತಿರ ಹೋಗಿ ಬುದ್ಧಿ ಕಲಿಯಬೇಕು ಎನ್ನುವ ಮಾತು. ಅದು ಮಗನ ರಕ್ತಕ್ಕೆ ಇಳಿದಿತ್ತು. ಕಲ್ಲಿನಿಂದ ಯಂತ್ರದವರೆಗೆ ಅವರನ್ನು ತಂದದ್ದು ಆ ಇರುವೆಯೇ ಎಂದು ತಾಯಿ ಮಗ ಇಬ್ಬರೂ ನಂಬಿದ್ದರು.

ಚರ್ಚ್‌ನಲ್ಲಿ ವ್ಯಾಪಾರಸ್ಥರ ಕೂಟ ಎಂದೊಂದಿತ್ತು. ತಿಂಗಳ ಮೊದಲನೇ ಶನಿವಾರ ಬೆಳಗ್ಗೆ ಸೇರಿ, ದೇವರ ವಾಕ್ಯವನ್ನು ವ್ಯಾಪಾರಕ್ಕೆ ಹೇಗೆ ಅಳವಡಿಸಿಕೊಳ್ಳಬೇಕು ಎಂದು ಒಬ್ಬರು ಮಾತಾಡುವುದು, ಉಳಿದವರು ಟೀ ಕುಡಿದು ಕೇಳುವುದು. ಹೆಂಡತಿ ಹೋಗಿ ನಾಲ್ಕನೇ ವಾರಕ್ಕೆ ಯಜಮಾನನ ಸರದಿ ಬಂತು. ನಾಯಕನಾದವನು ಹೇಗಿರಬೇಕು ಎಂಬ ವಿಷಯ. ಅವನ ಅಕ್ಷರ ಅವನಿಗೇ ಓದಲು ಬರುವುದಿಲ್ಲವಾದ್ದರಿಂದ, ಮಗಳನ್ನು ಊಟದ ಮೇಜಿನ ಮುಂದೆ ಕೂರಿಸಿ ಹೇಳಿ ಬರೆಸಿದ. ಮೊದಲನೆಯವನಾಗಬೇಕು ಎನ್ನುವವನು ಎಲ್ಲರ ಸೇವಕನಾಗಬೇಕು ಎನ್ನುವಲ್ಲಿಗೆ ಬಂದಾಗ ಮಗಳು ಪೆನ್ನು ನಿಲ್ಲಿಸಿದಳು.

“ಸೇವಕ ಅಂದ್ರೆ ಬೇರೆಯವರು ಹೇಳಿದ್ದನ್ನ ಕೇಳೋನು, ಅಲ್ವಾ ಅಪ್ಪ?”

“ಹೌದು.”

“ನೀವು ಯಾರ ಮಾತು ಕೇಳ್ತೀರ?”

ಅವನು ಮುಂದಿನ ಸಾಲು ಬರಿ ಎಂದ. ಅವಳು ಬರೆದಳು.

ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದ. ಗಂಟು ಹೊರುವುದರಿಂದ ಹಿಡಿದು ಚರಂಡಿ ಬಿಡಿಸುವವರೆಗೆ ತನ್ನ ಲಾಂಡ್ರಿಯಲ್ಲಿ ತಾನು ಮಾಡದ ಕೆಲಸವಿಲ್ಲ, ಹದಿನಾಲ್ಕು ಜನರಿಗೂ ತಾನೇ ಸೇವಕ ಎಂದು ಹೇಳಿದ. ಕೂಟದವರು ಚಪ್ಪಾಳೆ ತಟ್ಟಿದರು. ಪಾದ್ರಿಯವರು ಕೈ ಕುಲುಕಿದರು. ಮನೆಗೆ ನಡೆದು ಬರುವಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇದನ್ನು ಮೊದಲು ಹೆಂಡತಿಗೆ ಹೇಳಬೇಕು ಎಂದುಕೊಂಡು ಬೀದಿ ತಿರುಗಿದ ಮೇಲೆ, ಹೇಳಲು ಅವಳು ಮನೆಯಲ್ಲಿಲ್ಲ ಎಂಬುದು ನೆನಪಾಯಿತು.

ಲಾಂಡ್ರಿಯಲ್ಲಿ ಸದ್ದೇ ಇರಲಿಲ್ಲ. ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ದೊಡ್ಡ ಉರುಳೆ ಯಂತ್ರ ಎರಡು ಗಂಟೆಯಿಂದ ನಿಂತಿತ್ತು. ಆಸ್ಪತ್ರೆಯ ಬಟ್ಟೆ ಹಸಿಯಾಗಿ ರಾಶಿ ಬಿದ್ದಿತ್ತು. ಕೆಲಸದವರು ಗೋಡೆಗೆ ಒರಗಿ ಕೂತಿದ್ದರು. ಅವನು ಹಿಂದಿನ ಮುಚ್ಚಳ ತೆಗೆದು, ಬಿದ್ದಿದ್ದ ಸ್ವಿಚ್ಚು ಮೇಲೆತ್ತಿದ. ಯಂತ್ರ ತಿರುಗಿತು.

“ಇಷ್ಟು ಯಾರಿಗೂ ಗೊತ್ತಾಗ್ಲಿಲ್ವಾ?” ಎಂದು ರೇಗಿದ.

ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಹೆಂಗಸು, ಎಲ್ಲರೂ ಇಸ್ತ್ರಿ ಅಕ್ಕ ಎಂದು ಕರೆಯುತ್ತಿದ್ದವಳು, ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. “ನನಗೆ ಗೊತ್ತಿತ್ತು ಅಣ್ಣ. ಹೋದ ವರ್ಷ ನಾನೇ ಎತ್ತಿದ್ದಕ್ಕೆ ನೀವು ಬೈದಿದ್ರಿ.”

ಆ ಸಂಜೆ ಅವನು ಹೆಂಡತಿಗೆ ಫೋನು ಮಾಡಿದ. ಮಾವನ ಕಣ್ಣು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದಳು. ಹನಿ ಬಿಡುತ್ತಿದ್ದೀಯಾ ಎಂದ. ಅದು ಹೋದ ವಾರವೇ ಮುಗಿಯಿತು ಎಂದಳು. ಭಾಷಣ ಮಾಡಿದೆ ಎಂದ. ದೊಡ್ಡವಳು ಹೇಳಿದಳು ಎಂದಳು. ಯಾವಾಗ ಬರ್ತೀಯ ಎಂಬ ಮಾತು ಅವನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಅಣ್ಣಾ ಎಂದು ಕೂಗಿದರು. “ಇರು, ಬಂದೆ,” ಎಂದ. ಆ ಮಾತು ತನಗೋ ಕೂಗಿದವರಿಗೋ ಎಂದು ಆ ಕಡೆ ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು ಫೋನು ಇಟ್ಟಳು.

ಅವಳಿಗೂ ತೌರಿನಲ್ಲಿ ಸುಖವಿರಲಿಲ್ಲ. ಒಂದು ಮಧ್ಯಾಹ್ನ ಒಣಗಿದ ದುಪ್ಪಟಿ ಮಡಚಲು ನಿಂತಾಗ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಅದು ನೆಲಕ್ಕೆ ಜಾರಿತು. ಮದುವೆಯಾದ ಹೊಸದರಲ್ಲಿ ಯಂತ್ರವಿರಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಮಡಿಕೆ ಸೇರಿಸುತ್ತಿದ್ದರು. ದಿನಕ್ಕೆ ಇನ್ನೂರು ದುಪ್ಪಟಿ ಎಂದರೆ ಇನ್ನೂರು ಸಲ ಅವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. ನಾಲ್ಕು ವರ್ಷ ಹಾಗೆ ನಡೆಯಿತು. ಹೋಟೆಲಿನವರ ಹತ್ತಿರ ಮಾತಾಡುತ್ತಿದ್ದವಳೂ ಅವಳೇ. ಆಮೇಲೆ ಯಂತ್ರ ಬಂತು. ನೀನಿನ್ನು ಮೇಲೆ ಆರಾಮಾಗಿರು ಎಂದು ಅವನು ಪ್ರೀತಿಯಿಂದಲೇ ಹೇಳಿದ್ದ.

ಅವಳ ತಂದೆ ಕಟ್ಟಡದ ಮೇಸ್ತ್ರಿಯಾಗಿದ್ದವರು. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದವರು ಮಗಳನ್ನು ಕೇಳಿದರು.

“ಅಳಿಯಂದ್ರು ಬೈದ್ರಾ?”

“ಇಲ್ಲ ಅಪ್ಪ.”

“ಕೈ ಮಾಡಿದ್ರಾ?”

“ಅಯ್ಯೋ, ಇಲ್ಲ.”

“ಮತ್ತೇನಮ್ಮ?”

“ಅವರಿಗೆ ನಾನು ಕಾಣೋದೇ ಇಲ್ಲ.”

“ಕಣ್ಣು ಕುಯ್ಸಿಕೊಂಡಿದ್ದು ನಾನು, ಕಾಣದೇ ಇರೋದು ಅವರಿಗಾ?” ಎಂದು ನಕ್ಕು, ಮಗಳು ನಗದಿದ್ದುದನ್ನು ನೋಡಿ ಮಾತು ಬದಲಿಸಿದರು. “ಸೋಮವಾರ ಹೊರಡೋಣ. ನಾನೂ ಒಂದು ಸಲ ನೋಡ್ತೀನಿ,” ಎಂದರು.

ಆರನೇ ವಾರದ ಸೋಮವಾರ ಮೂವರೂ ಬಂದಿಳಿದರು. ಯಜಮಾನ ಒದ್ದೆ ಕೈಯಲ್ಲೇ ಓಡಿಬಂದು ಮಾವನ ಚೀಲ ತೆಗೆದುಕೊಂಡ, ಚಿಕ್ಕವಳನ್ನು ಎತ್ತಿಕೊಂಡ. ಹೆಂಡತಿಯನ್ನು ನೋಡಿ ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದ. ಅವಳು ತನ್ನ ಬಟ್ಟೆಯನ್ನು ಮಕ್ಕಳ ಕೋಣೆಯಲ್ಲಿಟ್ಟಳು. ಅತ್ತೆ ಅದನ್ನು ನೋಡಿದರೂ ನೋಡದವಳ ಹಾಗೆ ಸೊಪ್ಪು ಬಿಡಿಸುತ್ತಿದ್ದಳು.

“ಅಪ್ಪ ಶನಿವಾರ ಹೊರಡ್ತಾರೆ ಅತ್ತೆ. ಅವರ ಜೊತೆ ನಾನೂ ಹೊರಡಬಹುದು,” ಎಂದಳು ಸೊಸೆ.

ಅಂದಿನ ಊಟಕ್ಕೆ ಅಳಿಯ ಮೂರು ಸಲ ಎದ್ದ. ಮೇಸ್ತ್ರಿ ಎಣಿಸಿದರು.

ಬಿಸಿಲು ಬೇಡ, ಟೀವಿ ಬೇಡ, ಬಗ್ಗಿ ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮೇಸ್ತ್ರಿಗೆ ಮಾಡಲು ಕೆಲಸವಿರಲಿಲ್ಲ. ಮಂಗಳವಾರ ಬೆಳಗ್ಗೆ ಲಾಂಡ್ರಿಯ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತರು. ಸಂಜೆವರೆಗೂ ಅಲ್ಲೇ ಇದ್ದರು. ಅಳಿಯನ ಹತ್ತಿರ ಒಬ್ಬೊಬ್ಬರು ಬಂದು ನಿಂತಾಗಲೂ ಸೀಮೆಸುಣ್ಣದಲ್ಲಿ ಗೋಡೆಯ ಮೇಲೊಂದು ಗೀಟು ಎಳೆದರು. ದೀಪ ಹಚ್ಚುವ ಹೊತ್ತಿಗೆ ಗೀಟುಗಳು ನೂರರ ಹತ್ತಿರ ಬಂದಿದ್ದವು.

ಊಟದ ಮೇಜಿನ ಸುತ್ತ ಎಲ್ಲರೂ ಕೂತಾಗ ಮೇಸ್ತ್ರಿ ಮಾತು ತೆಗೆದರು. ಹದಿನಾರು ವರ್ಷ ಅವರು ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸಿದವರಲ್ಲ. ಅಂದು ಮೊದಲ ಸಲ ಏಕವಚನ ಬಂತು.

“ಬೈಬಲಲ್ಲಿ ಬರೋ, ಮರಳುಗಾಡಲ್ಲಿ ಅಷ್ಟು ಜನರನ್ನ ನಡೆಸಿದ ಆ ದೊಡ್ಡ ಮನುಷ್ಯನಿಗೂ ಒಬ್ಬ ಮಾವ ಇದ್ದನಪ್ಪ. ಮಗಳನ್ನ, ಮೊಮ್ಮಕ್ಕಳನ್ನ ಕರ್ಕೊಂಡು ಅಳಿಯನ ಹತ್ರ ಬಂದ. ಮಾರನೇ ದಿನ ನೋಡ್ತಾನೆ, ಅಳಿಯ ಒಬ್ನೇ ಕೂತಿದ್ದಾನೆ, ನ್ಯಾಯ ಕೇಳೋಕೆ ಜನ ಬೆಳಗ್ಗೆಯಿಂದ ಸಂಜೆವರೆಗೂ ನಿಂತಿದ್ದಾರೆ. ಮಾವ ಏನಂದ, ಗೊತ್ತಲ್ಲ ನಿನಗೆ?”

ಯಜಮಾನನಿಗೆ ಗೊತ್ತಿತ್ತು. ಎಷ್ಟೋ ಸಲ ಚರ್ಚ್‌ನಲ್ಲಿ ಕೇಳಿದ್ದ.

“ನಾನೂ ಅದನ್ನೇ ಹೇಳ್ತೀನಿ. ನೀನು ಮಾಡ್ತಿರೋದು ಒಳ್ಳೇದಲ್ಲ. ನೀನೂ ಸವೀತೀಯ, ಇವರನ್ನೂ ಸವೆಸ್ತೀಯ. ಕೆಲಸ ಹಂಚಿಕೊಡು.”

ಯಜಮಾನನ ಮುಖ ಕೆಂಪಾಯಿತು. ಅವನಿಗಿಂತ ಮೊದಲು ಅಜ್ಜಿ ಮಾತಾಡಿದಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಂಬಿದ ಮನೆ ಇದು, ನನ್ನ ಮಗ ಕಂಡವರ ಕೈಗೆ ಕೆಲಸ ಒಪ್ಪಿಸಿ ಕಾಲು ಚಾಚಿ ಕೂತಿದ್ದರೆ ನಿಮ್ಮ ಮಗಳು ಇವತ್ತಿಗೂ ಕಲ್ಲಿನ ಮುಂದೆಯೇ ಇರುತ್ತಿದ್ದಳು ಎಂದಳು. ದೇವರ ವಾಕ್ಯವೇ ಇರುವೆಯನ್ನು ನೋಡಿ ಕಲಿ ಎನ್ನುವಾಗ ಬೀಗರು ಬೇರೆ ಪಾಠ ಹೇಳುವುದು ಸರಿಯೇ ಎಂದು ಕೇಳಿದಳು.

ಮೇಸ್ತ್ರಿ ಮೆಲ್ಲಗೆ ಹೇಳಿದರು. “ನೀವು ಪಟ್ಟ ಕಷ್ಟಕ್ಕೆ ನಾನು ತಲೆ ಬಾಗ್ತೀನಿ ಬೀಗಿತ್ತಿಯವರೇ. ಆದ್ರೆ ಆ ವಾಕ್ಯ ಪೂರ್ತಿ ಓದಿ. ಇರುವೆಗೆ ನಾಯಕ ಇಲ್ಲ, ಮೇಲ್ವಿಚಾರಕ ಇಲ್ಲ, ಆದ್ರೂ ದುಡಿಯುತ್ತೆ ಅಂತಿದೆ. ನಾನು ಮೇಸ್ತ್ರಿ, ನನ್ನ ಹೊಟ್ಟೆಗೇ ಹೊಡೆಯೋ ಮಾತು ಅಂತ ಅದು ಚೆನ್ನಾಗಿ ನೆನಪಿದೆ.”

ದೊಡ್ಡ ಮೊಮ್ಮಗಳು ಕಿಸಕ್ಕನೆ ನಕ್ಕಳು. ಯಜಮಾನ ತಟ್ಟೆ ಸರಿಸಿ ಕೆಳಗೆ ಹೋಗಿಬಿಟ್ಟ. ಕೆಳಗೆ ಯಾರೂ ಕೂಗಿರಲಿಲ್ಲ. ಮಡಿಸಿಟ್ಟ ಟವೆಲ್ಲುಗಳ ಮುಂದೆ ಸುಮ್ಮನೆ ನಿಂತ. ಅವನಿಗೆ ಸಿಟ್ಟು ಬಂದಿತ್ತು ನಿಜ. ಆದರೆ ಸಿಟ್ಟಿನ ಅಡಿಯಲ್ಲಿ ಬೇರೇನೋ ಇತ್ತು. ಅಪ್ಪ ಸತ್ತ ಮೇಲೆ ಯಾವ ಗಂಡಸೂ ಅವನನ್ನು ‘ನೀನು’ ಎಂದು ಕರೆದು, ಎದುರು ಕೂರಿಸಿಕೊಂಡು, ಇದು ಒಳ್ಳೆಯದಲ್ಲ ಎಂದು ಹೇಳಿರಲಿಲ್ಲ.

ಬೆಳಗ್ಗೆ ಅಜ್ಜಿ ಕಿಟಕಿಯ ಬಳಿ ಕೂತು ಭೂತಗನ್ನಡಿ ಹಿಡಿದು ಬೈಬಲ್ ಓದಿದಳು. ಒಂದು ಸಲ ಓದಿ, ಬೆರಳಿಟ್ಟು ಇನ್ನೊಂದು ಸಲ ಓದಿದಳು. ಸೊಸೆ ಟೀ ತಂದಿಟ್ಟಾಗ ತಲೆ ಎತ್ತದೆ ಮಾತಾಡಿದಳು.

“ಅದೇ ಮುಂದಿನ ಸಾಲಲ್ಲೇ ಇದೆ ಕಣೇ. ನಾನು ಅವನಿಗೆ ಓದಿಸಿದ್ದು ಅರ್ಧ ವಾಕ್ಯ.”

“ಬಿಡಿ ಅತ್ತೆ. ಆ ಅರ್ಧದಲ್ಲೇ ನಮ್ಮೆಲ್ಲರ ಹೊಟ್ಟೆ ತುಂಬಿದೆ.”

“ಹೊಟ್ಟೆ ತುಂಬಿತು,” ಎಂದು ಅಜ್ಜಿ ಪುಸ್ತಕ ಮುಚ್ಚಿದಳು. “ಅವರಪ್ಪ ಹೋದಾಗ ನನಗೆ ಭಯ ಆಗಿತ್ತು. ಭಯದಲ್ಲಿ ಮುಂದಿನ ಸಾಲು ಯಾರು ಓದ್ತಾರೆ.”

ಅಷ್ಟು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಭಯ ಎಂಬ ಮಾತನ್ನು ಸೊಸೆ ಕೇಳಿದ್ದು ಅದೇ ಮೊದಲು. ಅವಳು ಅತ್ತೆಯ ಪಕ್ಕದಲ್ಲೇ ಕೂತು ಟೀ ಮುಗಿಯುವವರೆಗೂ ಏಳಲಿಲ್ಲ.

ಅದೇ ದಿನ ಯಜಮಾನ ಎಲ್ಲರನ್ನೂ ಕರೆದು ನಿಲ್ಲಿಸಿದ. ಆಸ್ಪತ್ರೆಯ ಬಟ್ಟೆ ಪೂರ್ತಿ ಇಸ್ತ್ರಿ ಅಕ್ಕನದು, ಬಾಯ್ಲರ್ ಅದನ್ನು ನೋಡಿಕೊಳ್ಳುವವನದು, ವ್ಯಾನಿನ ದಾರಿ ಡ್ರೈವರಿನದು, ಕಲೆ ತೆಗೆಯುವುದು ಒಗೆಯುವವರಲ್ಲಿ ಹಿರಿಯನದು ಎಂದು ಹೇಳಿದ. ದೊಡ್ಡ ವಿಷಯವಿದ್ದರೆ ಮಾತ್ರ ತನ್ನ ಹತ್ತಿರ ಬನ್ನಿ ಎಂದ. ಅವರು ಮುಖ ಮುಖ ನೋಡಿಕೊಂಡರು. ಯಾರೂ ನಂಬಲಿಲ್ಲ.

ನಂಬದಿದ್ದುದೇ ಸರಿಯಾಯಿತು. ಮಧ್ಯಾಹ್ನವೇ ಅವನು ಇಸ್ತ್ರಿ ಅಕ್ಕನ ಹಿಂದೆ ನಿಂತು, ಅವಳು ಮಡಿಸಿಟ್ಟ ದುಪ್ಪಟಿಗಳನ್ನು ಬಿಡಿಸಿ ನೋಡತೊಡಗಿದ. ಅವಳು ಕೆಲಸ ನಿಲ್ಲಿಸಿ ಕೈಕಟ್ಟಿ ನಿಂತಳು. “ಒಂದೋ ನೀವು ಮಾಡಿ, ಇಲ್ಲಾ ನಾನು ಮಾಡ್ತೀನಿ ಅಣ್ಣ. ಒಂದು ದುಪ್ಪಟಿಗೆ ಇಬ್ಬರು ಯಜಮಾನರು ಬೇಡ.” ಮೂಲೆಯ ಸ್ಟೂಲಿನಿಂದ ಮೇಸ್ತ್ರಿ ಕೆಮ್ಮಿದರು. ಯಜಮಾನ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡ. ತೊಳೆಯುವಂಥದ್ದೇನೂ ಕೈಯಲ್ಲಿರಲಿಲ್ಲ.

ಗುರುವಾರ ಎರಡು ಹೋಟೆಲಿನ ಗಂಟುಗಳು ಅದಲುಬದಲಾಗಿ ಹೋದವು. ಮ್ಯಾನೇಜರು ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಮಾತಾಡಿದ. ಯಜಮಾನ ಫೋನು ಇಟ್ಟ. ಒಳಗೆ ಹೋದಾಗ ಎಲ್ಲರೂ ತಲೆ ತಗ್ಗಿಸಿ ಬೈಗುಳಕ್ಕೆ ಕಾದು ನಿಂತಿದ್ದರು. ಅವನು, ಈಗೇನು ಮಾಡೋಣ ಎಂದು ಕೇಳಿದ. ಡ್ರೈವರು ಆಗಲೇ ವ್ಯಾನು ತಿರುಗಿಸಿಕೊಂಡು ಹೋಗಿದ್ದಾನೆ, ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ ಎಂದು ಇಸ್ತ್ರಿ ಅಕ್ಕ ಹೇಳಿದಳು. ನಲವತ್ತು ನಿಮಿಷವಾಯಿತು. ಸರಿಯಾಯಿತು.

ಅಂದು ಸಂಜೆ ಅವನು ಪೂರ್ತಿ ಊಟ ಮಾಡಿದ. ಯಾರೂ ಮೆಟ್ಟಿಲು ಹತ್ತಲಿಲ್ಲ. ಚಿಕ್ಕವಳು ಅಜ್ಜನ ಮನೆಯ ಬೆಕ್ಕಿನ ಕಥೆ ಹೇಳಿದಳು, ದೊಡ್ಡವಳು ಗಣಿತದ ಟೀಚರನ್ನು ಅಣಕಿಸಿದಳು. ಅವನು ನಕ್ಕ. ಆದರೆ ಅವನ ಕಿವಿ ಬಾಗಿಲ ಕಡೆಗೇ ಇದ್ದುದನ್ನು ಹೆಂಡತಿ ಗಮನಿಸಿದಳು. ಊಟವಾದ ಮೇಲೆ ಒಣಗಿದ ಬಟ್ಟೆ ತೆಗೆಯಲು ಅವಳು ತಾರಸಿಗೆ ಹೋದಾಗ ಅವನೂ ಹಿಂದೆಯೇ ಹೋದ. ಪಶ್ಚಿಮದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು.

“ಇವತ್ತು ಯಾರೂ ಬರ್ಲಿಲ್ಲ,” ಎಂದ.

“ಹೂಂ.”

“ಒಂಥರಾ ಆಯ್ತು. ನಾನು ಇವರಿಗೆ ಬೇಡವೇನೋ ಅನ್ನಿಸ್ತು.”

ಅವಳು ತಂತಿಯಿಂದ ಕ್ಲಿಪ್ಪು ತೆಗೆಯುತ್ತಿದ್ದವಳು ನಿಂತಳು. “ನನಗೆ ಹನ್ನೆರಡು ವರ್ಷದಿಂದ ಹಾಗೇ ಅನ್ನಿಸ್ತಿದೆ ರೀ.”

ಆ ಮಾತು ಅವನ ಎದೆಗೆ ಹೋಗಿ ಕೂತಿತು. ಅವಳು ಬಟ್ಟೆ ತೆಗೆದುಕೊಂಡು ಕೆಳಗಿಳಿದಳು, ಮಕ್ಕಳ ಕೋಣೆಗೆ ಹೋದಳು.

ಶುಕ್ರವಾರ ಅವನು ಯಾರಿಗೆ ಯಾವ ಕೆಲಸ ಎಂಬುದನ್ನು ದೊಡ್ಡವಳ ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ, ಗೋಡೆಗೆ ಅಂಟಿಸುವ ಮೊದಲು ಹೆಂಡತಿಗೆ ತೋರಿಸಿದ. ಮೆಚ್ಚುತ್ತಾಳೆ ಎಂದುಕೊಂಡಿದ್ದ. ಅವಳು ಮೇಲಿಂದ ಕೆಳಗಿನವರೆಗೆ ಓದಿದಳು.

“ಹದಿನಾಲ್ಕು ಜನಕ್ಕೂ ಏನೇನೋ ಕೊಟ್ಟಿದ್ದೀರ. ನನಗೆ?”

“ನಿನಗೆ ಯಾಕೆ ಆ ಕಷ್ಟ? ನೀನು ಆರಾಮಾಗಿರು ಅಂತ…”

“ಆರಾಮಾಗಿ ಇದ್ದೂ ಇದ್ದೂ ಸಾಕಾಗಿದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಥರ ಇದ್ದೀನಿ ಈ ಮನೇಲಿ.”

ಕಾಗದ ವಾಪಸ್ಸು ಕೊಟ್ಟು ಒಳಗೆ ಹೋಗಿ ತಂದೆಯ ಬಟ್ಟೆ ಜೋಡಿಸತೊಡಗಿದಳು. ಸೋಮವಾರ ಡಾಕ್ಟರು ಇನ್ನೊಮ್ಮೆ ಕಣ್ಣು ನೋಡಬೇಕಿತ್ತು. ತಂದೆಯ ಜೊತೆ ತಾನೂ ಹೋಗುವುದಾಗಿ, ಮಕ್ಕಳಿಬ್ಬರೂ ಇಲ್ಲೇ ಇರಲಿ ಎಂದು ಅತ್ತೆಗೆ ತಿಳಿಸಿದಳು. ಯಾವಾಗ ಬರುತ್ತೀಯ ಎಂದು ಅತ್ತೆ ಕೇಳಲಿಲ್ಲ. ಬುಧವಾರಕ್ಕೆ ಒಂದು ಬಸ್ಸಿದೆ ಎಂದು ಮಾತ್ರ ಹೇಳಿದಳು.

ಶನಿವಾರ ಯಜಮಾನ ಅವರನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದ. ಅವಳು ಟಿಕೇಟಿಗೆ ನಿಂತಾಗ ಮಾವನ ಪಕ್ಕ ಬೆಂಚಿನ ಮೇಲೆ ಕೂತ.

“ನೀವು ಇಲ್ಲೇ ಇದ್ದುಬಿಡಿ ಮಾವ. ಅಲ್ಲಿ ಒಬ್ಬರೇ ಇದ್ದು ಏನು ಮಾಡ್ತೀರ? ನನಗೆ ಕಾಣದ್ದು ನಿಮಗೆ ಕಾಣುತ್ತೆ. ನನಗೊಂದು ಕಣ್ಣಾಗಿರಿ.”

“ನನ್ನ ಕಣ್ಣಿಗೇ ಇನ್ನೂ ಗ್ಯಾರಂಟಿ ಕೊಟ್ಟಿಲ್ಲ ಡಾಕ್ಟರು,” ಎಂದು ಮೇಸ್ತ್ರಿ ನಕ್ಕರು. ಅಳಿಯ ನಗಲಿಲ್ಲ. ಅವರು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. ಇಟ್ಟಿಗೆ ಹಿಡಿದು ಒರಟಾದ, ಅಗಲವಾದ ಕೈ. “ಗೋಡೆ ಎದ್ದ ಮೇಲೆ ಮೇಸ್ತ್ರಿ ಅಲ್ಲೇ ಮಲಗಲ್ಲಪ್ಪ. ನನಗೂ ನನ್ನ ಮನೆ, ನನ್ನ ಅಂಗಳ ಇದೆ. ಕಷ್ಟ ಬಂದ್ರೆ ಹೇಳಿ ಕಳಿಸು. ಬರ್ತೀನಿ ಕಣೋ.”

ಬಸ್ಸು ಬಂತು. ಹೆಂಡತಿ ಕಿಟಕಿಯ ಬಳಿ ಕೂತು ಅವನ ಕಡೆ ನೋಡಿದಳು. ಅವನಿಗೆ ಹೇಳಬೇಕಾದ್ದು ಬಹಳವಿತ್ತು. ಕೈ ಎತ್ತಿದ, ಅಷ್ಟೆ. ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ. ಇಬ್ಬರಲ್ಲಿ ಯಾರಿಗಾಗಿ ನಿಂತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ.

ಆ ಮೂರು ನಾಲ್ಕು ದಿನ ಅವನಿಗೆ ಬಹಳ ಉದ್ದವಾದವು. ಹಿಂದಿನ ಆರು ವಾರ ಕೆಲಸದ ಗದ್ದಲದಲ್ಲಿ ಕಳೆದುಹೋಗಿದ್ದವು. ಈಗ ಕೈ ಬಿಡುವಾಗಿದ್ದರಿಂದ ಅವಳಿಲ್ಲದ್ದು ಎಲ್ಲ ಕಡೆ ಎದ್ದು ಕಂಡಿತು. ಬಾಚಣಿಗೆಯಲ್ಲಿ ಉಳಿದ ಒಂದು ಕೂದಲು ಕಂಡಿತು. ಅವಳು ಹಾಡಿಕೊಳ್ಳುತ್ತಿದ್ದ ಯಾವುದೋ ರಾಗ ಚಿಕ್ಕವಳ ಬಾಯಲ್ಲಿ ಕೇಳಿಸಿತು. ಸೋಮವಾರ ಅವನು ಇಸ್ತ್ರಿ ಅಕ್ಕನನ್ನು ಕೇಳಿದ, ಹೋಟೆಲಿನವರ ಹತ್ತಿರ ಮಾತಾಡುವ ಕೆಲಸ ತನ್ನಿಂದ ಚೆನ್ನಾಗಿ ಆಗುತ್ತಿಲ್ಲ, ಯಾರಿಗೆ ಕೊಡೋಣ ಎಂದು. ಇಷ್ಟು ದಿನಕ್ಕೆ ಕೇಳಿದಿರಲ್ಲ ಎನ್ನುವಂತೆ ಅವಳು ಅವನನ್ನು ನೋಡಿದಳು. ಅತ್ತಿಗೆ ನೋಡಿಕೊಳ್ಳುತ್ತಿದ್ದಾಗ ಒಬ್ಬ ಗಿರಾಕಿಯೂ ಜೋರಾಗಿ ಮಾತಾಡಿದ್ದಿಲ್ಲ, ಹಳೇ ಹೋಟೆಲಿನ ಮುದುಕ ಇವತ್ತಿಗೂ ಅವರನ್ನು ವಿಚಾರಿಸುತ್ತಾನೆ ಎಂದಳು.

ಮಂಗಳವಾರ ಮಧ್ಯಾಹ್ನ ಅವನು ಲಾಂಡ್ರಿಯಿಂದ ಹೊರಗೆ, ಯಾರು ಕೂಗಿದರೂ ಕೇಳಿಸದಷ್ಟು ದೂರ ಹೋಗಿ ಫೋನು ಮಾಡಿದ.

“ಹೋಟೆಲುಗಳನ್ನೆಲ್ಲ ನೀನು ನೋಡ್ಕೋತೀಯಾ? ಅವರ ಹತ್ರ ಏನು ಮಾತಾಡ್ಬೇಕು, ಯಾರನ್ನ ಇಟ್ಕೋಬೇಕು, ಯಾರನ್ನ ಬಿಡ್ಬೇಕು, ಎಲ್ಲ ನಿಂದೇ. ನಾನು ಮಧ್ಯೆ ಬಾಯಿ ಹಾಕಲ್ಲ.”

“ಹಾಕ್ತೀರಿ.”

ಅವನು ಯೋಚಿಸಿದ. “ಹಾಕ್ತೀನೇನೋ. ಹಾಕಿದ್ರೆ ಹೇಳು.”

“ಹೇಳ್ತೀನಿ,” ಎಂದಳು. ಆಮೇಲೆ, ಅಪ್ಪನ ಕಣ್ಣು ಪೂರ್ತಿ ಸರಿಯಿದೆಯಂತೆ, ಓದಲು ಕನ್ನಡಕ ಬರೆದುಕೊಟ್ಟಿದ್ದಾರೆ ಎಂದಳು. ನಾಳೆ ಬರುತ್ತೀಯಾ ಎಂದು ಅವನು ಕೇಳಲಿಲ್ಲ. ಬರುತ್ತೇನೆಂದು ಅವಳೂ ಹೇಳಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಅವನು ಕೈ ಒರೆಸಿಕೊಂಡು, ಯಾರಿಗೂ ಹೇಳದೆ ಬಸ್ ನಿಲ್ದಾಣಕ್ಕೆ ನಡೆದ. ಬಸ್ಸು ತಡವಾಗಿತ್ತು. ಅವಳು ಕೊನೆಯವಳಾಗಿ ಇಳಿದಳು. ಅವನನ್ನು ನೋಡಿ ಅವಳಿಗೆ ಮೊದಲು ಗಾಬರಿಯಾಯಿತು. ಮಕ್ಕಳಿಗೆ ಏನಾಯಿತು, ಅತ್ತೆಗೆ ಏನಾಯಿತು ಎಂದು ಕೇಳಿದಳು. ಎಲ್ಲರೂ ಚೆನ್ನಾಗಿದ್ದಾರೆ ಎಂದ.

“ಮತ್ತೆ ಕೆಲಸದ ಹೊತ್ತಲ್ಲಿ ಇಲ್ಲಿ ಯಾಕೆ ನಿಂತಿದ್ದೀರ?”

“ನಿನ್ನ ನೋಡ್ಬೇಕು ಅನ್ನಿಸ್ತು.”

“ಮನೆಗೇ ಬರ್ತಿದ್ನಲ್ಲ.”

“ಅಲ್ಲಿವರೆಗೆ ತಡೆಯೋಕಾಗ್ಲಿಲ್ಲ.”

ಅವಳು ಆ ಕಡೆ ಮುಖ ತಿರುಗಿಸಿ, ಏನೂ ಇರದ ಭುಜದಿಂದ ಧೂಳು ಕೊಡವಿಕೊಂಡಳು. ಅವಳ ಚೀಲ ಅವನು ತೆಗೆದುಕೊಂಡ. ಇಬ್ಬರೂ ನಡೆದರು. ಅವನು ಯಾವಾಗಲೂ ಎರಡು ಹೆಜ್ಜೆ ಮುಂದೆ ಹೋಗುವವನು, ಈಗ ಅವಳ ಸಮಕ್ಕೆ ಬರಲು ಕಷ್ಟಪಟ್ಟು ನಿಧಾನ ಮಾಡುತ್ತಿದ್ದ. ಔಷಧಿ ಅಂಗಡಿ, ಸೈಕಲ್ ರಿಪೇರಿ, ಶಾಲೆಯ ಕಾಂಪೌಂಡು ಎಲ್ಲ ದಾಟಿದವು. ಹೇಳಿಕೊಳ್ಳಬೇಕಾದ್ದು ವರ್ಷಗಳಷ್ಟಿತ್ತು, ದಾರಿ ಮಾತ್ರ ಹತ್ತು ನಿಮಿಷದ್ದು. ಮನೆ ಇನ್ನೂ ನಾಲ್ಕು ಬೀದಿ ಆಚೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಮೂಲೆಯಲ್ಲಿ ಬಲಕ್ಕೆ ತಿರುಗಿದರೆ ಲಾಂಡ್ರಿ. ಅವಳು ತಿರುಗದೆ ನೇರ ನಡೆದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವಳ ಜೊತೆಯೇ ನಡೆದ.